ಊರಿಗೆ ಒಯ್ಯುವ ಗಂಟಿನಲ್ಲಿ ಯಾರ ಕೈ ಇದೆ?

ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತೇವೆ. ಸಿನಿಮಾ ಬಂದರೆ ಅದರ ಗುಣ ದೋಷಗಳನ್ನು ಎಣಿಸುತ್ತೇವೆ. ಆದರೆ ಯಾತ್ರೆಯಿಂದ, ಉರುಸಿನಿಂದ, ಜಾತ್ರೆಯಿಂದ ಮನೆಗೆ ಬರುವ ಗಂಟನ್ನು ಬಿಚ್ಚಿ ವಿಮರ್ಶೆ ಮಾಡುವ ರೂಢಿ ನಮ್ಮಲ್ಲಿಲ್ಲ. ಪ್ರೀತಿಯಿಂದ ತಂದದ್ದಕ್ಕೆ ತಪ್ಪು ಹುಡುಕಬಾರದು ಎಂಬ ಸೌಜನ್ಯ ಅದಕ್ಕೆ ಕಾರಣ. ಆ ಸೌಜನ್ಯ ಪಡೆಯುವವರಿಗೆ ಸಲ್ಲುತ್ತದೆ. ಕೊಳ್ಳುವವರು, ಮಾರುವವರು, ಜಾತ್ರೆ ನಡೆಸುವವರು ಅದರ ಮರೆಯಲ್ಲಿ ನಿಂತುಕೊಳ್ಳುವುದು ಸರಿಯಲ್ಲ.

ಕಲಬುರಗಿ ಸೀಮೆಯಲ್ಲಿ ಜಾತ್ರೆಗೆ ಹೋದವರು ಬರಿಗೈಯಲ್ಲಿ ಮನೆಗೆ ಬರುವ ಪದ್ಧತಿ ಇಲ್ಲ. ಚುರುಮುರಿ, ಬೆಂಡು, ಬತ್ತಾಸು, ನಾಲ್ಕು ಉತ್ತತ್ತಿ, ಒಂದಿಷ್ಟು ಕೊಬ್ಬರಿ ಸೇರಿದರೆ ಅದು ಫಳಾರ. ಮೊದಲು ಮನೆಯ ಮಕ್ಕಳಿಗೆ, ಆಮೇಲೆ ಓಣಿಯ ಮನೆಗಳಿಗೆ ಒಂದೊಂದು ಹಿಡಿ. ದೇವರಿಗೆ ಅರ್ಪಿಸಿದ್ದನ್ನು ತಿನ್ನದ ಮನೆಯವರಿಗೆಂದು ಅರ್ಪಿಸದ ಬೆಂಡು ಬತ್ತಾಸನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರುವ ಸೂಕ್ಷ್ಮತೆಯೂ ಹಳ್ಳಿಗಳಲ್ಲಿದೆ. ಉಡುಗೊರೆಯ ವಿನಿಮಯ ಪ್ರೀತಿಯನ್ನು ಬೆಳೆಸುತ್ತದೆಂದೂ, ನೆರೆಯವರು ಕೊಟ್ಟದ್ದು ಎಷ್ಟೇ ಸಣ್ಣದಾಗಿದ್ದರೂ ಅದನ್ನು ಹಗುರವಾಗಿ ಕಾಣಬಾರದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಮ್ಮ ಓಣಿಗಳು ಗ್ರಂಥ ಓದಿ ಕಲಿಯಲಿಲ್ಲ. ಫಳಾರ ಹಂಚಿ ಕಲಿತವು.

ಈ ಲೇಖನದಲ್ಲಿ ನಾವು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ಮೂರರಲ್ಲೂ ಜನ ದೂರದೂರಿಂದ ಬರುತ್ತಾರೆ, ಏನಾದರೊಂದನ್ನು ಒಯ್ಯುತ್ತಾರೆ. ಹಾಗೆ ಒಯ್ಯುವ ವಸ್ತುವಿನಲ್ಲಿ ಈ ನೆಲದ ಕೈ ಎಷ್ಟಿದೆ ಎಂಬುದೇ ನಮ್ಮ ಪ್ರಶ್ನೆ.

ಆಳಂದದಿಂದ ಆರಂಭಿಸೋಣ. ಕ್ರಿ.ಶ. 14ನೇ ಶತಮಾನದವರೆಂದು ಹೇಳಲಾಗುವ ಹಜ್ರತ್ ಶೇಖ್ ಅಲಾವುದ್ದೀನ್ ಅನ್ಸಾರಿ, ಅಂದರೆ ಲಾಡ್ಲೆ ಮಶಾಯಕರ ದರ್ಗಾ ಇಲ್ಲಿದೆ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದವರೂ ಬರುತ್ತಾರೆ. ಮುಸ್ಲಿಮರಷ್ಟೇ ಅಲ್ಲ, ಹಿಂದೂಗಳೂ ಬರುತ್ತಾರೆ. ದರ್ಗಾ ಸಂಪ್ರದಾಯದ ಬಗ್ಗೆ ನಮ್ಮ ಸಮುದಾಯದೊಳಗೆ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಗೆ ಬೇರೆ ವೇದಿಕೆಗಳಿವೆ. ಇಲ್ಲಿ ನಾವು ನೋಡುತ್ತಿರುವುದು ದರ್ಗಾದ ಹೊರಗಿನ ಅಂಗಡಿ ಸಾಲನ್ನು.

ಆ ಸಾಲಿನಲ್ಲಿ ಏನಿರುತ್ತದೆ? ಹೂವಿನ ಚಾದರ, ಗಲೀಫ, ಸಕ್ಕರೆ, ಊದುಬತ್ತಿ, ಲೋಬಾನ. ಇವು ಒಳಗೆ ಹೋಗುವ ವಸ್ತುಗಳು. ಊರಿಗೆ ಹೋಗುವ ವಸ್ತುಗಳೆಂದರೆ ಅತ್ತರಿನ ಸಣ್ಣ ಶೀಶೆ, ತಸ್ಬೀಹ್, ಟೋಪಿ, ನಮಾಝಿನ ಚಾಪೆ, ಗೋಡೆಗೆ ತೂಗುಹಾಕುವ ಮಕ್ಕಾ ಮದೀನಾದ ಚಿತ್ರ, ಮಕ್ಕಳ ಪ್ಲಾಸ್ಟಿಕ್ ಆಟಿಕೆ. ಒಳ್ಳೆಯ ಅತ್ತರಿಗೆ ಉತ್ತರ ಪ್ರದೇಶದ ಕನೌಜ್ ಹೆಸರಾದ ಊರು. ತಾಮ್ರದ ಹಂಡೆಯಲ್ಲಿ ಹೂ ಕುದಿಸಿ, ಅದರ ಹಬೆಯನ್ನು ಗಂಧದೆಣ್ಣೆಯ ಪಾತ್ರೆಗೆ ಇಳಿಸುವ ವಿದ್ಯೆ ಅಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆದರೆ ಜಾತ್ರೆಯ ಅಗ್ಗದ ಶೀಶೆಯಲ್ಲಿ ಹೆಚ್ಚಾಗಿ ಇರುವುದು ಆ ಹಬೆಯಲ್ಲ, ರಾಸಾಯನಿಕ ಪರಿಮಳ. ಶೀಶೆಯ ಮೇಲೆ ಗುಲಾಬಿಯ ಚಿತ್ರವಿರುತ್ತದೆ, ಮಾಡಿದವರ ಹೆಸರಿರುವುದಿಲ್ಲ. ಆಳಂದದ ಹೆಸರಂತೂ ಎಲ್ಲಿಯೂ ಇಲ್ಲ.

ಅಫಜಲಪುರ ತಾಲ್ಲೂಕಿನ ಗಾಣಗಾಪುರ ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ನರಸಿಂಹ ಸರಸ್ವತಿಯವರು ಬಹುಕಾಲ ನೆಲೆಸಿದ್ದರು. ಅವರ ಕಥೆ ಹೇಳುವ ಮರಾಠಿಯ ಗುರುಚರಿತ್ರೆಯನ್ನು ಬರೆದ ಸರಸ್ವತಿ ಗಂಗಾಧರರು ಆಳಂದ ತಾಲ್ಲೂಕಿನ ಕಡಗಂಚಿಯ ಮನೆತನದವರೆಂದು ಸಂಪ್ರದಾಯ ಹೇಳುತ್ತದೆ. ಅದೇ ಕಡಗಂಚಿಯಲ್ಲಿ ಈಗ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಗುರುಚರಿತ್ರೆಯಲ್ಲಿ ಬೀದರಿನ ಮುಸ್ಲಿಂ ದೊರೆಯೊಬ್ಬ ಹುಣ್ಣಿನಿಂದ ನರಳುತ್ತಾ ಗುರುವನ್ನು ಹುಡುಕಿಕೊಂಡು ಬಂದು ಗುಣಮುಖನಾಗುವ ಪ್ರಸಂಗವಿದೆ. ಇತಿಹಾಸವಾಗಿ ಅದನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು. ಆದರೆ ತಮ್ಮ ಪವಿತ್ರ ಗ್ರಂಥದಲ್ಲಿ ಆ ದೊರೆಗೆ ಜಾಗ ಕೊಟ್ಟ ಜನ ಇಲ್ಲಿದ್ದರು ಎಂಬುದು ಗಮನಾರ್ಹ.

ಗಾಣಗಾಪುರದಲ್ಲಿ ಎರಡು ಬಗೆಯ ಕೊಡುಕೊಳ್ಳುವಿಕೆ ನಡೆಯುತ್ತದೆ. ಮಧ್ಯಾಹ್ನ ಮಧುಕರಿ. ಭಕ್ತರು, ಅವರೆಷ್ಟೇ ಸಿರಿವಂತರಾಗಿರಲಿ, ಜೋಳಿಗೆ ಹಿಡಿದು ಮನೆಗಳ ಮುಂದೆ ಭಿಕ್ಷೆ ಬೇಡುತ್ತಾರೆ. ಸಂಗಮದ ಬಳಿಯ ಭಸ್ಮದ ಗುಡ್ಡದಿಂದ ಚಿಟಿಕೆ ಭಸ್ಮ ಕಟ್ಟಿಕೊಂಡು ಊರಿಗೆ ಒಯ್ಯುತ್ತಾರೆ. ಅದು ಅಂಗಡಿಯ ವಸ್ತುವಲ್ಲ, ಆ ನೆಲದ್ದೇ. ಇನ್ನೊಂದು ಬಗೆ ಗುಡಿಯ ದಾರಿಯ ಅಂಗಡಿಗಳದ್ದು. ಪೇಡೆ, ರುದ್ರಾಕ್ಷಿ ಸರ, ಹಿತ್ತಾಳೆಯ ಪಾದುಕೆ, ಗಾಜಿನ ಚೌಕಟ್ಟಿನ ದತ್ತಾತ್ರೇಯ, ಕೀಲಿಕೈ ಗೊಂಚಲು. ಆಳಂದದ ಚೌಕಟ್ಟಿನಲ್ಲಿ ಮದೀನಾ, ಇಲ್ಲಿಯ ಚೌಕಟ್ಟಿನಲ್ಲಿ ದತ್ತ. ಚೌಕಟ್ಟು ಮಾತ್ರ ಒಂದೇ ಬಗೆಯ ಕಾರ್ಖಾನೆಯದು. ನಮ್ಮ ಜಾತ್ರೆಗಳಲ್ಲಿ ಕೋಮು ಸಾಮರಸ್ಯವನ್ನು ಅತ್ಯಂತ ಪರಿಪೂರ್ಣವಾಗಿ ಸಾಧಿಸಿರುವುದು ಪ್ಲಾಸ್ಟಿಕ್ ಎಂದು ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ!

ಅದೇ ತಾಲ್ಲೂಕಿನ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಬರುವ ಹೆಣ್ಣುಮಕ್ಕಳು ಬಳೆ ಇಡಿಸಿಕೊಳ್ಳದೆ, ಮನೆಯಲ್ಲಿ ಉಳಿದವರಿಗೆ ಒಂದು ಡಜನ್ ಕಟ್ಟಿಸಿಕೊಳ್ಳದೆ ಹೋಗುವುದು ಅಪರೂಪ. ನಮ್ಮ ದೇಶದ ಗಾಜಿನ ಬಳೆಗಳ ದೊಡ್ಡ ಪಾಲು ತಯಾರಾಗುವುದು ಉತ್ತರ ಪ್ರದೇಶದ ಫಿರೋಝಾಬಾದಿನಲ್ಲಿ. ಅಲ್ಲಿ ಕುಲುಮೆಯ ಮುಂದೆ ಬೇಯುವ ಕಾರ್ಮಿಕರಲ್ಲಿ ಮುಸ್ಲಿಮರು ಬಹಳ ಮಂದಿ. ದೇವಿಯ ಸನ್ನಿಧಿಯಲ್ಲಿ ಮುತ್ತೈದೆಯ ಕೈಗೇರುವ ಬಳೆ ಯಾರ ಕೈಯಿಂದ ಹೊರಟಿತು ಎಂಬುದನ್ನು ಬಳೆ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಇನ್ನು ಜೇವರ್ಗಿ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಈ ಸೀಮೆಯದು. ದುಡಿದು ಬೆಳೆದದ್ದನ್ನು ಹಸಿದವರಿಗೆ ಬಡಿಸುವುದೇ ಅವರ ದಾಸೋಹ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಮಠವೂ ಈ ಸೀಮೆಯಲ್ಲಿದೆ. ಆ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಮಡಿವಾಳಪ್ಪನವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಗುರು ಶಿಷ್ಯರಿಬ್ಬರ ಪದಗಳನ್ನೂ ಏಕತಾರಿ ಹಿಡಿದು ಒಂದೇ ಭಜನೆಯಲ್ಲಿ ಹಾಡುವವರಿದ್ದಾರೆ. ಜೇವರ್ಗಿ ಸೀಮೆಯಿಂದ ಊರಿಗೆ ಒಯ್ಯಬಹುದಾದ ಬಹು ದೊಡ್ಡ ವಸ್ತು ಈ ಹಾಡು. ಒಂದು ಕಾಲದಲ್ಲಿ ಜಾತ್ರೆಯ ಅಂಗಡಿಗಳಲ್ಲಿ ತತ್ವಪದಗಳ ಕ್ಯಾಸೆಟ್ಟುಗಳಾದರೂ ಸಿಗುತ್ತಿದ್ದವು. ಈಗ ಹಾಡು ಮೊಬೈಲಿನಲ್ಲಿ ಸಿಗುತ್ತದೆ, ಹಾಡುವವರ ಹೆಸರು ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ.

ಹಾಗಾದರೆ ಈ ಮೂರು ತಾಲ್ಲೂಕುಗಳಲ್ಲಿ ಒಯ್ಯಲು ಯೋಗ್ಯವಾದದ್ದು ಏನೂ ತಯಾರಾಗುವುದಿಲ್ಲವೇ? ಮನೆಯೊಳಗೆ ಹೋಗಿ ನೋಡಬೇಕು. ಅಟ್ಟದ ಮೇಲೆ ಕೌದಿ ಇದೆ. ದಖನಿ ಮಾತಾಡುವ ಮನೆಗಳಲ್ಲಿ ಅದಕ್ಕೆ ಗೋದಡಿ ಎನ್ನುತ್ತಾರೆ. ಅಜ್ಜಿಯ ಇಲಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಹರಿದ ಲಂಗ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಮಾಡಿದ ಹೊದಿಕೆ. ಬಾಣಂತಿಗೆ, ಹಸುಗೂಸಿಗೆ ಮೊದಲ ಕಾಣಿಕೆ ಅದೇ. ಬಣ್ಣಗಳ ಹೊಂದಾಣಿಕೆಯಲ್ಲಿ ಯಾವ ಚಿತ್ರಕಾರನಿಗೂ ಕಡಿಮೆಯಿಲ್ಲದ ಕಣ್ಣು ಆ ಹೆಣ್ಣುಮಕ್ಕಳಿಗಿದೆ. ಆದರೆ ಒಂದು ಕೌದಿಗೆ ವಾರಗಟ್ಟಲೆ ಹಿಡಿಯುವ ಆ ದುಡಿಮೆಯನ್ನು ನಮ್ಮ ಜನ ದುಡಿಮೆ ಎಂದು ಎಣಿಸುವುದಿಲ್ಲ. ಹರಕು ಬಟ್ಟೆಯ ಕೆಲಸ ಎನ್ನುತ್ತಾರೆ. ಅದೇ ಕೌದಿ ಬೆಂಗಳೂರಿನ ಪ್ರದರ್ಶನದಲ್ಲಿ ತೂಗುಬಿದ್ದಾಗ ಕಲೆಯಾಗುತ್ತದೆ.

ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಇದೆ. ತೆಳ್ಳಗೆ ಬಡಿದು, ಕಟಕಟ ಎನ್ನುವ ಹಾಗೆ ಒಣಗಿಸಿದರೆ ತಿಂಗಳಾದರೂ ಕೆಡದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದೆ, ಶೇಂಗಾ ಹಿಂಡಿ ಇದೆ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತವು ಮಹಿಳಾ ಸ್ವಸಹಾಯ ಸಂಘಗಳು ಮಾಡುವ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿರುವುದು ಸ್ವಾಗತಾರ್ಹ. ಹೊಲದಲ್ಲಿ ತೊಗರಿ ಇದೆ. ‘ತೊಗರಿಯ ಕಣಜ’ ಎಂದು ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಜಿಲ್ಲೆ ಇದು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ದೊರೆಯಿತು. ಜೂನಿನಲ್ಲಿ ಬಿತ್ತಿ ಡಿಸೆಂಬರ್, ಜನವರಿಯವರೆಗೆ ಕಾಯುವ ಬೆಳೆ. ನಡುವೆ ನೆಟೆ ರೋಗ ಬಂದರೆ ಇಡೀ ಹೊಲ ನಿಂತಲ್ಲೇ ಒಣಗುತ್ತದೆ. ಅಷ್ಟು ಕಾದು ಬೆಳೆದ ಬೇಳೆಯ ಒಂದು ಕಿಲೋ ಚೀಲ, ಮೇಲೆ ಊರಿನ ಹೆಸರು ಬರೆದು, ಗಾಣಗಾಪುರದ ಅಂಗಡಿ ಸಾಲಿನಲ್ಲೋ ಆಳಂದದ ಉರುಸಿನಲ್ಲೋ ಪೇಡೆ, ಬತ್ತಾಸಿನಂತೆ ಸಾಮಾನ್ಯವಾಗಿ ಸಿಗುವ ವಸ್ತುವಾಗಿಲ್ಲ. ಏಕೆ?

ಕಾರಣ ಕಠಿಣವೇನಲ್ಲ. ಜಾತ್ರೆಯ ವ್ಯಾಪಾರಿ ಊರಿಂದೂರಿಗೆ ತಿರುಗುವವನು. ಮುರಿಯದ, ಕೆಡದ, ಒಂದೇ ಅಳತೆಯ, ಸಾಲಕ್ಕೆ ಸಿಗುವ ಮಾಲು ಅವನಿಗೆ ಬೇಕು. ಸಗಟು ವ್ಯಾಪಾರಿ ಅದನ್ನು ಕೊಡುತ್ತಾನೆ. ಕೌದಿ ಹೊಲಿಯುವ ಹೆಂಗಸು ಮುಂಗಡ ಮಾಲು ಕೊಡಲಾರಳು, ಹತ್ತು ಕೌದಿಗಳನ್ನು ಒಂದೇ ಹಾಗೆ ಹೊಲಿಯಲಾರಳು. ಅಂಗಡಿಯ ಜಾಗ ಹರಾಜಿನಲ್ಲಿ ಹೋಗುವ ಕಡೆ ಆಕೆ ಕೂಗಲಾರಳು. ಆದ್ದರಿಂದ ವ್ಯಾಪಾರಿಯನ್ನು ದೂಷಿಸಿ ಪ್ರಯೋಜನವಿಲ್ಲ. ಅವನ ಬದುಕೂ ಹದಿನೈದು ದಿನದ ಜಾತ್ರೆಯಿಂದ ಇನ್ನೊಂದು ಜಾತ್ರೆಗೆ ಹೇಗೋ ಸಾಗುತ್ತಿರುವುದು. ದೋಷ ಇರುವುದು ಕೊಳ್ಳುವ ಶಕ್ತಿಯಿದ್ದೂ ಕೇಳದ ನಮ್ಮಲ್ಲಿ, ಜಾಗ ಹಂಚುವ ಅಧಿಕಾರವಿದ್ದೂ ಯೋಚಿಸದ ಸಮಿತಿಗಳಲ್ಲಿ.

ನಮ್ಮ ವಿದ್ಯಾವಂತರ ಸಮಾರಂಭಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಾಲ್ಲೂಕು ಕೇಂದ್ರದ ಯಾವುದೇ ಸನ್ಮಾನದಲ್ಲಿ ಅತಿಥಿಗಳಿಗೆ ಶಾಲು, ಹಾರ ಮತ್ತು ಒಂದು ಸ್ಮರಣಿಕೆ. ಆ ಸ್ಮರಣಿಕೆ ಹೆಚ್ಚಾಗಿ ಅಕ್ರಿಲಿಕ್ ಫಲಕ, ಅದರ ಮೇಲೆ ಸಂಘದ ಹೆಸರು. ಪಕ್ಕದ ಬೀದರಿನಲ್ಲಿ ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕಲೆ ಇದೆ. ಆ ಕಲೆಯ ಹಿರಿಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಬಿದರಿ ದುಬಾರಿ ಎನ್ನುವುದು ನಿಜ. ಆದರೆ ಹತ್ತು ಫಲಕಗಳ ಹಣದಲ್ಲಿ ಬರುವ ಎರಡು ಬಿದರಿ ಪೆಟ್ಟಿಗೆಗಳನ್ನು ಇಬ್ಬರಿಗೇ ಕೊಡುವ, ಉಳಿದ ಎಂಟು ಜನರಿಗೆ ಒಂದೊಂದು ಪುಸ್ತಕ ಕೊಡುವ ಧೈರ್ಯ ಸಂಘಟಕರಿಗೆ ಇಲ್ಲ. ಹೆಮ್ಮೆ ಪ್ರಶಸ್ತಿಯ ಸುದ್ದಿಗೆ ಮೀಸಲು, ಹಣ ಅಕ್ರಿಲಿಕ್ಕಿಗೆ.

ಇದು ನಮ್ಮ ಸೀಮೆಯ ಕಾಯಿಲೆ ಮಾತ್ರವಲ್ಲ. ಪ್ರವಾಸಿಗರು ಊರಿಗೆ ಒಯ್ಯುವ ವಸ್ತುಗಳಿಗೆ ಹೆಸರಾದ ದೇಶ ಸ್ಕಾಟ್ಲೆಂಡ್. ಅಲ್ಲಿಂದ ಬಂದವರ ಚೀಲದಲ್ಲಿ ಚೌಕುಳಿ ಬಟ್ಟೆ, ಅಂದರೆ ಟಾರ್ಟನ್, ಇದ್ದೇ ಇರುತ್ತದೆ. 1746ರ ಕಾನೂನು ಆ ನಾಡಿನ ಗುಡ್ಡಗಾಡಿನ ಗಂಡಸರು ತಮ್ಮ ಉಡುಪು ತೊಡುವುದನ್ನೇ ನಿಷೇಧಿಸಿತ್ತು. 1782ರಲ್ಲಿ ಆ ನಿಷೇಧ ತೆರವಾಯಿತು. 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಉತ್ಸವದಲ್ಲಿ ಅದೇ ಉಡುಪು ಇಡೀ ದೇಶದ ಪ್ರತಿಷ್ಠೆಯ ಗುರುತಾಯಿತು. ತೊಟ್ಟವರನ್ನು ಶಿಕ್ಷಿಸಿದ ಅರಮನೆಯೇ ಆಮೇಲೆ ಅದನ್ನು ತೊಟ್ಟು ಮೆರೆಯಿತು. ಈಗ ಎಡಿನ್‌ಬರೋದ ಅಂಗಡಿಗಳಲ್ಲಿ ಸಿಗುವ ಅಗ್ಗದ ಆಮದು ಟಾರ್ಟನ್ ಬಗ್ಗೆ ಅಲ್ಲಿಯವರೇ ಗೊಣಗುತ್ತಾರೆ.

ಅದೇ ದೇಶದ ಇನ್ನೊಂದು ವಸ್ತು ನಮಗೆ ಹೆಚ್ಚು ಹತ್ತಿರದ್ದು. ನಮ್ಮ ಸೀರೆಗಳ ಮೇಲೆ ಮಾವಿನಕಾಯಿ ಎಂದು ಕರೆಯುವ ಚಿತ್ತಾರವನ್ನು ಜಗತ್ತು ಪೈಸ್ಲೀ ಎಂದು ಕರೆಯುತ್ತದೆ. ಪೈಸ್ಲೀ ಎಂಬುದು ಸ್ಕಾಟ್ಲೆಂಡಿನ ಒಂದು ಊರಿನ ಹೆಸರು. ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು ಹೆಂಡತಿಗೆ, ತಾಯಿಗೆ ಉಡುಗೊರೆಯಾಗಿ ಕಾಶ್ಮೀರದ ಶಾಲುಗಳನ್ನು ಊರಿಗೆ ಒಯ್ದರು. ಅಲ್ಲಿ ಅದರ ಮೋಹ ಹಬ್ಬಿತು. ಬ್ರಿಟನ್ನಿನ ನೇಕಾರರು ಅದನ್ನು ಅನುಕರಿಸಿದರು. 19ನೇ ಶತಮಾನದಲ್ಲಿ ಪೈಸ್ಲೀಯ ಮಗ್ಗಗಳು ಕಡಿಮೆ ಬೆಲೆಗೆ ಅದೇ ಚಿತ್ತಾರವನ್ನು ನೇಯ್ದವು. ಚಿತ್ತಾರ ಉಳಿಯಿತು, ಹೆಸರು ಬದಲಾಯಿತು. ಶ್ರೀನಗರದ ಮಗ್ಗಗಳ ಮುಂದೆ ಕಣ್ಣು ಸವೆಸಿದ, ಬಹುಪಾಲು ಮುಸ್ಲಿಮರೇ ಆಗಿದ್ದ ಆ ನೇಕಾರರ ನೆನಪು ಜಗತ್ತಿನ ಭಾಷೆಯಿಂದ ಅಳಿಸಿಹೋಯಿತು. ಉಡುಗೊರೆ ಕೊಟ್ಟವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಯಾರು ನೇಯ್ದರು ಎಂದು ಯಾರೂ ಕೇಳಲಿಲ್ಲ, ಅಷ್ಟೆ.

ಆದರೆ ಅದೇ ಸ್ಕಾಟ್ಲೆಂಡ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅದರ ಪಶ್ಚಿಮದ ದ್ವೀಪಗಳಲ್ಲಿ ನೇಯುವ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಯ ರಕ್ಷಣೆಗೆಂದೇ 1993ರಲ್ಲಿ ಒಂದು ಕಾಯ್ದೆ ಬಂತು. ದ್ವೀಪದವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದಿರಬೇಕು, ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಆ ದ್ವೀಪಗಳಲ್ಲೇ ಆಗಿರಬೇಕು. ಇಲ್ಲವಾದರೆ ಆ ಹೆಸರು ಹಾಕುವಂತಿಲ್ಲ. ನೇಕಾರನ ಮನೆಯನ್ನೇ ಕಾನೂನಿನಲ್ಲಿ ಬರೆದಿಟ್ಟರು. ನಮ್ಮಲ್ಲೂ 1999ರ ಜಿಐ ಕಾಯ್ದೆ ಇದೆ, 2003ರಿಂದ ಜಾರಿಯಲ್ಲಿದೆ. ಬಿದರಿ, ಇಲಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಕಲಬುರಗಿಯ ತೊಗರಿ ಬೇಳೆ ಎಲ್ಲವೂ ಅದರ ಪಟ್ಟಿಯಲ್ಲಿವೆ. ಆದರೆ ಪಟ್ಟಿ ಸರಕಾರದ ಕಡತದಲ್ಲಿದೆ. ಜಾತ್ರೆಯ ಅಂಗಡಿಗೆ ಅದು ಇನ್ನೂ ತಲುಪಬೇಕಾಗಿದೆ.

ಇದು ಕೇವಲ ರುಚಿ, ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2022ರ ಮಾರ್ಚಿನಲ್ಲಿ ಕರಾವಳಿಯ ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಫಲಕಗಳು ಕಾಣಿಸಿಕೊಂಡವು. ದೇವಸ್ಥಾನದ ಸಮೀಪದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆನ್ನುವ 2002ರ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ಎತ್ತಿ ತೋರಿಸಲಾಯಿತು. ಏಪ್ರಿಲಿನಲ್ಲಿ ಧಾರವಾಡದ ನುಗ್ಗಿಕೇರಿಯ ಹನುಮಂತನ ಗುಡಿಯ ಬಳಿ ಬಡ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ರಸ್ತೆಗೆಸೆದು ಒಡೆದರು. ಅದೇ ವರ್ಷದ ಶಿವರಾತ್ರಿಯಂದು ಆಳಂದದ ದರ್ಗಾ ಆವರಣದಲ್ಲಿರುವ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವಿಚಾರದಲ್ಲಿ ಗಲಭೆಯಾಯಿತು. ನೂರಾರು ವರ್ಷ ಎರಡೂ ಸಮುದಾಯದವರು ಬಂದು ಹೋದ ಊರು ಆಮೇಲಿನ ಶಿವರಾತ್ರಿಗಳಲ್ಲಿ ಪೊಲೀಸ್ ಬಂದೋಬಸ್ತಿಗಾಗಿ ಸುದ್ದಿಯಾಯಿತು.

ಇವೆರಡಕ್ಕೂ ಸಂಬಂಧವಿದೆ ಎಂಬುದು ನಮ್ಮ ವಾದ. ವಸ್ತುವಿನ ಹಿಂದಿನ ಕೈಯನ್ನು ಮರೆತ ಗ್ರಾಹಕನಿಗೆ ಮಾರುವವನೂ ಕೇವಲ ಒಂದು ಅಂಗಡಿಯಾಗಿ ಕಾಣುತ್ತಾನೆ. ಅಂಗಡಿಯನ್ನು ಎತ್ತಿಸುವುದು ಸುಲಭ. ಈ ಬಳೆ ಫಿರೋಝಾಬಾದಿನ ಕುಲುಮೆಯಿಂದ ಬಂತು, ಈ ಮರದ ಗೊಂಬೆ ಚನ್ನಪಟ್ಟಣದ ಮುಸ್ಲಿಂ ಕುಶಲಕರ್ಮಿಯದು, ಈ ಕಂಬಳಿ ಕುರುಬರ ಮಗ್ಗದ್ದು, ಈ ಗಲೀಫದ ಮೇಲಿನ ಹೂ ಹಿಂದೂ ರೈತನ ಹೊಲದ್ದು ಎಂದು ತಿಳಿದವನಿಗೆ ಬಹಿಷ್ಕಾರದ ಕರೆಯನ್ನು ಒಪ್ಪುವುದು ಕಷ್ಟ. ಏಕೆಂದರೆ ಆ ಕರೆಯನ್ನು ಪಾಲಿಸಿದರೆ ಅವನ ಗಂಟಿನಲ್ಲಿ ಏನೂ ಉಳಿಯುವುದಿಲ್ಲ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ನಮ್ಮವರಿಂದಲೇ ಕೊಳ್ಳಿ ಎಂಬ ಪ್ರತಿಕರೆಗಳು ನಮ್ಮ ಸಮುದಾಯದಲ್ಲಿ ಕೇಳಿಬಂದಾಗಲೂ ನಾವು ಇದನ್ನೇ ಹೇಳಬೇಕಾಗುತ್ತದೆ.

ಒಂದು ಆಕ್ಷೇಪ ಬರಬಹುದು. ಐವತ್ತು ರೂಪಾಯಿ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಂತು ಬರುವ ಕೂಲಿಯವಳಿಗೆ ಈ ಉಪದೇಶ ಏಕೆ? ಸರಿಯಾದ ಆಕ್ಷೇಪ. ಆಕೆಯ ಬಗ್ಗೆ ನಮ್ಮ ತಕರಾರಿಲ್ಲ. ಆಕೆ ಒಯ್ಯುವ ಬತ್ತಾಸು ಹೆಚ್ಚಾಗಿ ಹತ್ತಿರದ ಪಟ್ಟಣದ ಭಟ್ಟಿಯಲ್ಲೇ ತಯಾರಾದದ್ದು. ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಇಳಿಸಿದ ಕೈ ಅಲ್ಲೇ ಇದೆ. ಈ ಮಾತು ಕಾರಿನಲ್ಲಿ ಬಂದು, ಐನೂರು ರೂಪಾಯಿಯ ಗಾಜಿನ ಚೌಕಟ್ಟನ್ನು ಚೌಕಾಸಿಯಿಲ್ಲದೆ ಕೊಂಡು, ಹೊರಗೆ ಕುಳಿತ ಮುದುಕಿಯ ರೊಟ್ಟಿಗೆ ಹತ್ತು ರೂಪಾಯಿ ಕಡಿಮೆ ಮಾಡು ಎನ್ನುವವರಿಗೆ. ಗಲ್ಫಿನಿಂದ, ಪುಣೆ ಮುಂಬೈಗಳಿಂದ ರಜೆಗೆ ಬಂದು ಊರಿನ ನೆನಪಿಗೆ ಏನಾದರೂ ಒಯ್ಯಬೇಕೆನ್ನುವ ನಮ್ಮದೇ ಮಕ್ಕಳಿಗೆ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಉರುಸು ಮತ್ತು ಜಾತ್ರೆಯ ಸಮಿತಿಗಳು ಅಂಗಡಿಗಳ ಹರಾಜಿನಿಂದ ನಾಲ್ಕು ಜಾಗಗಳನ್ನು ಹೊರಗಿಟ್ಟು, ಸುತ್ತಲಿನ ಹಳ್ಳಿಗಳ ಸ್ವಸಹಾಯ ಸಂಘಗಳಿಗೆ ಬಾಡಿಗೆಯಿಲ್ಲದೆ ಕೊಡಲಿ. ಅಲ್ಲಿ ರೊಟ್ಟಿ, ಹಿಂಡಿ, ತೊಗರಿ ಬೇಳೆ, ಕೂಸಿನ ಅಳತೆಯ ಸಣ್ಣ ಕೌದಿ ಮಾರಾಟವಾಗಲಿ. ಪ್ರತಿ ಪೊಟ್ಟಣದ ಮೇಲೆ ಸಂಘದ ಹೆಸರು, ಊರಿನ ಹೆಸರು ಕನ್ನಡದಲ್ಲಿ, ಬೇಕಾದರೆ ಮರಾಠಿ, ಉರ್ದುವಿನಲ್ಲಿ ಇರಲಿ. ದರ್ಗಾ ಸಮಿತಿಯ ಜಾಗದಲ್ಲಿ ಹಿಂದೂ ಹೆಣ್ಣುಮಕ್ಕಳ ಸಂಘಕ್ಕೂ, ಗುಡಿಯ ಜಾತ್ರೆಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಸಂಘಕ್ಕೂ ಅವಕಾಶವಿರಲಿ. ಮೊದಲ ಹೆಜ್ಜೆಯನ್ನು ದರ್ಗಾ ಸಮಿತಿಗಳೇ ಇಡಲಿ. ಇನ್ನೊಬ್ಬರು ಇಡಲಿ ಎಂದು ಕಾಯುವುದು ಬೇಡ. ತತ್ವಪದಗಳ ಕಿರುಪುಸ್ತಕವೊಂದನ್ನು ಹಾಡುಗಾರರ ಹೆಸರಿನೊಂದಿಗೆ ಕಡಕೋಳದಲ್ಲಿ, ಚೆನ್ನೂರಿನಲ್ಲಿ ಸಿಗುವಂತೆ ಮಾಡಿದರೆ ಜೇವರ್ಗಿ ಸೀಮೆಗೂ ತನ್ನದೇ ಕಾಣಿಕೆ ಸಿಕ್ಕಂತಾಗುತ್ತದೆ.

ಪ್ರವಾದಿ ದಾವೂದ್(ಅ) ದೊರೆಯಾಗಿದ್ದರೂ ಸ್ವಂತ ಕೈದುಡಿಮೆಯಿಂದ ಉಣ್ಣುತ್ತಿದ್ದರೆಂದು ನಮ್ಮ ಮಕ್ಕಳಿಗೆ ಮದರಸಾದಲ್ಲಿ ಹೇಳಿಕೊಡುತ್ತೇವೆ. ಕಾಯಕದ ಹಿರಿಮೆಯನ್ನು ಶರಣರು ಸಾರಿದರೆಂದು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಎರಡೂ ಪಾಠಗಳನ್ನು ಕಲಿತ ಹುಡುಗ ಉರುಸಿನಿಂದಲೋ ಜಾತ್ರೆಯಿಂದಲೋ ಬಂದ ಗಂಟನ್ನು ಬಿಚ್ಚಿದಾಗ ಇದನ್ನು ಯಾರು ಮಾಡಿದ್ದು ಎಂದು ಕೇಳಿದರೆ, ತಂದವರ ಬಳಿ ಒಂದು ಊರಿನ ಹೆಸರಾದರೂ ಇರಬೇಕು.